ಸಹಿ ಆಮೇಲೆ, ಮೊದಲು ಒಕ್ಕಣೆ ಓದಿ: ಬೇಸ್‌ಬಾಲ್ ಮಾಲೀಕರ ಹಳೇ ಕಾಗದಗಳ ಸಂಗ್ರಹ

1876ರ ಜನವರಿ 23ರಂದು ಶಿಕಾಗೋದಿಂದ ಅಮೆರಿಕದ ಪೂರ್ವ ಭಾಗದ ನಾಲ್ಕು ಬೇಸ್‌ಬಾಲ್ ಕ್ಲಬ್‌ಗಳಿಗೆ ಒಂದು ಪತ್ರ ಹೋಯಿತು. ಕೆಳಗೆ ಎರಡು ಸಹಿ. ಒಂದು ಶಿಕಾಗೋ ತಂಡದ ವಿಲಿಯಂ ಹಲ್ಬರ್ಟ್‌ದು, ಇನ್ನೊಂದು ಸೇಂಟ್ ಲೂಯಿಸ್ ತಂಡದ ಚಾರ್ಲ್ಸ್ ಫೌಲ್‌ದು. ಒಕ್ಕಣೆ ತುಂಬಾ ವಿನಯದ್ದು. ಆಟದಲ್ಲಿ ಕೆಟ್ಟ ರೂಢಿಗಳು ಸೇರಿಕೊಂಡಿವೆ, ಅವನ್ನು ಸರಿಮಾಡಿ ಹೊಸ ಸಂಘ ಕಟ್ಟುವ ಬಗ್ಗೆ ಮಾತಾಡೋಣ, ಫೆಬ್ರವರಿ 2ರ ಬುಧವಾರ ಮಧ್ಯಾಹ್ನ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ಹೋಟೆಲಿಗೆ ನಿಮ್ಮವರನ್ನು ಕಳಿಸಿ ಎಂದಷ್ಟೇ. ಆ ಸಭೆಯಲ್ಲಿ ಹುಟ್ಟಿದ್ದೇ ನ್ಯಾಷನಲ್ ಲೀಗ್. ಇವತ್ತಿಗೂ ನಡೀತಿದೆ.

ಪತ್ರದಲ್ಲಿ ಇಲ್ಲದ ಒಂದು ವಿಷಯವಿದೆ. ಹಿಂದಿನ ವರ್ಷ ಸೀಸನ್ ಇನ್ನೂ ನಡೆಯುತ್ತಿರುವಾಗಲೇ ಹಲ್ಬರ್ಟ್ ಬೋಸ್ಟನ್ ತಂಡದ ನಾಲ್ವರು ಮುಖ್ಯ ಆಟಗಾರರನ್ನು ಗುಟ್ಟಾಗಿ ತನ್ನ ಕಡೆಗೆ ಸೆಳೆದುಕೊಂಡಿದ್ದ. ಅದು ಆಗಿನ ನಿಯಮಕ್ಕೆ ವಿರುದ್ಧ. ಹಳೇ ಸಂಘ ಮುಂದುವರಿದರೆ ತನ್ನ ತಲೆದಂಡ ಆಗಬಹುದು ಎಂಬ ಭಯ ಅವನಿಗಿತ್ತು. ಅದು ಗೊತ್ತಿದ್ದು ಓದಿದರೆ "ಕೆಟ್ಟ ರೂಢಿ ಸರಿಮಾಡೋಣ" ಎಂಬ ಮಾತಿಗೆ ಬೇರೆಯೇ ಬಣ್ಣ ಬರುತ್ತದೆ, ಅಲ್ವಾ?

ಹಳೇ ಬೇಸ್‌ಬಾಲ್ ಮಾಲೀಕರ ಪತ್ರ ಸಂಗ್ರಹಿಸುವ ಹವ್ಯಾಸದ ರುಚಿ ಇರುವುದು ಇಲ್ಲೇ. ಮಾರುಕಟ್ಟೆ ಮಾತ್ರ ಸಹಿಗೆ ದುಡ್ಡು ಕೊಡುತ್ತದೆ. ನನ್ನ ಪ್ರಕಾರ ಅದು ತಲೆಕೆಳಗಾದ ಲೆಕ್ಕ. ಪತ್ರದಲ್ಲಿ ಏನು ಬರೆದಿದೆ, ಅದು ಯಾರ ಮೇಜಿನಿಂದ ಹೊರಟು ಯಾರ ಕಡತ ಸೇರಿತು, ಅಲ್ಲಿಂದ ನಿಮ್ಮ ಕೈಗೆ ಹೇಗೆ ಬಂತು, ಈ ಮೂರು ಗೊತ್ತಾದ ಮೇಲೆ ಸಹಿಯ ಮಾತು.

ಮೊದಲು ಮಾಲೀಕತ್ವ ಅಂದರೆ ಏನಿತ್ತು ನೋಡೋಣ. 1869ರಲ್ಲಿ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ತಂಡ "ನಮ್ಮ ಆಟಗಾರರೆಲ್ಲ ಸಂಬಳಕ್ಕೆ ಆಡುವವರು" ಎಂದು ಬಹಿರಂಗವಾಗಿ ಒಪ್ಪಿಕೊಂಡಿತು. ಅದನ್ನು ಕಟ್ಟಿದವನು ಹ್ಯಾರಿ ರೈಟ್. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹುಟ್ಟಿದ ಇವನು ನ್ಯೂಯಾರ್ಕಿನಲ್ಲಿ ಸಂಬಳಕ್ಕೆ ಕ್ರಿಕೆಟ್ ಆಡುತ್ತಿದ್ದವನು. 1871ರಲ್ಲಿ ವೃತ್ತಿಪರ ಆಟಗಾರರ ಹೆಸರಿನಲ್ಲೇ ಒಂದು ಸಂಘ ಹುಟ್ಟಿತು. ಸೇರುವುದಕ್ಕೆ 10 ಡಾಲರ್ ಕೊಟ್ಟರೆ ಸಾಕಿತ್ತು. ಹಲ್ಬರ್ಟ್ ಕಟ್ಟಿದ್ದು ಕ್ಲಬ್‌ಗಳ ಸಂಘ. ಶುಲ್ಕ 100 ಡಾಲರ್, ಊರಿನಲ್ಲಿ ಕನಿಷ್ಠ 75,000 ಜನ ಇರಬೇಕು. ಆಡುವವರ ಕೈಯಲ್ಲಿದ್ದ ಹಿಡಿತ ಆಡಿಸುವವರ ಕೈಗೆ ಹೋಯಿತು.

ಆ ಕಾಲದಲ್ಲಿ ಕ್ಲಬ್ಬಿನ ಆಸ್ತಿ ಅಂದರೆ ಏನು? ಬಾಡಿಗೆಯ ಮೈದಾನ, ಮರದ ಗ್ಯಾಲರಿ, ಒಂದಿಷ್ಟು ಬಟ್ಟೆ. ನಿಜವಾದ ಬೆಲೆ ಇದ್ದದ್ದು ಎರಡಕ್ಕೆ. ಆ ಊರಿನಲ್ಲಿ ಆಡಿಸುವ ಹಕ್ಕು ಒಂದು, ಆಟಗಾರರನ್ನು ಕಟ್ಟಿಹಾಕುವ ಹಕ್ಕು ಇನ್ನೊಂದು. ಎರಡೂ ಇದ್ದದ್ದು ಕಾಗದದ ಮೇಲೆ. 1879ರ ಸೆಪ್ಟೆಂಬರ್‌ನಲ್ಲಿ ಬಫಲೋ ಊರಿನಲ್ಲಿ ಸೇರಿದ ಮಾಲೀಕರು ಪ್ರತಿ ಕ್ಲಬ್ಬೂ ಐದು ಜನ ಆಟಗಾರರನ್ನು ತನಗೆಂದು ಕಾದಿರಿಸಿಕೊಳ್ಳಬಹುದು, ಉಳಿದವರು ಅವರನ್ನು ಕರೆಯುವಂತಿಲ್ಲ ಎಂದು ತಮ್ಮತಮ್ಮಲ್ಲೇ ಒಪ್ಪಿಕೊಂಡರು. ಇದೇ ಮುಂದೆ ರಿಸರ್ವ್ ಕ್ಲಾಸ್, ಅಂದರೆ ಕಾದಿರಿಸುವ ಷರತ್ತು, ಎಂದು ಹೆಸರಾಯಿತು. ಐಪಿಎಲ್ ನೋಡುವವರಿಗೆ ರಿಟೆನ್ಷನ್ ಅಂದ ಕೂಡಲೇ ಅರ್ಥವಾಗುತ್ತದೆ. ಆದರೆ ಇಲ್ಲಿ ಆಟಗಾರನಿಗೆ ಹರಾಜಿಗೆ ಹೋಗುವ ದಾರಿಯೂ ಇರಲಿಲ್ಲ. ಇದು ಮುರಿದುಬಿದ್ದದ್ದು 1975ರ ಕೊನೆಯಲ್ಲಿ. ಸುಮಾರು ನೂರು ವರ್ಷ!

ಇಂಥ ವ್ಯವಸ್ಥೆ ನಡೆಯಬೇಕಾದರೆ ಮಾಲೀಕರು ಒಬ್ಬರಿಗೊಬ್ಬರು ಬರೆಯುತ್ತಲೇ ಇರಬೇಕಿತ್ತು. ಯಾರನ್ನು ಕಾದಿರಿಸಿದ್ದೀರಿ, ಯಾವ ತಾರೀಖಿಗೆ ನಮ್ಮೂರಿಗೆ ಬರುತ್ತೀರಿ, ಗೇಟ್ ಕಲೆಕ್ಷನ್‌ನಲ್ಲಿ ನಮ್ಮ ಪಾಲು ಎಲ್ಲಿ, ನಿಮ್ಮ ಪಿಚರ್ (ಚೆಂಡು ಎಸೆಯುವವನು) ಕುಡಿಯುತ್ತಾನಂತೆ ಹೌದಾ. ದೂರದ ಊರುಗಳ ನಡುವೆ ಟೆಲಿಫೋನ್ ಇನ್ನೂ ಬಳಕೆಗೆ ಬಂದಿರಲಿಲ್ಲ. ತುರ್ತಿಗೆ ಟೆಲಿಗ್ರಾಂ, ಉಳಿದದ್ದಕ್ಕೆಲ್ಲ ಕಾಗದ.

ಈಗ ಸಂಗ್ರಹಕಾರರು ಮೊದಲು ತಿಳಿಯಬೇಕಾದ ವಿಷಯಕ್ಕೆ ಬರೋಣ. ಆ ಕಾಲದ ಒಂದು ವ್ಯಾವಹಾರಿಕ ಪತ್ರ ಅಂದರೆ ಸಾಮಾನ್ಯವಾಗಿ ಎರಡು ಕಾಗದ. ಒಂದು ಅಂಚೆಯಲ್ಲಿ ಹೋದದ್ದು, ಇನ್ನೊಂದು ಕಚೇರಿಯಲ್ಲೇ ಉಳಿದದ್ದು. ಉಳಿದದ್ದನ್ನು ಮಾಡುತ್ತಿದ್ದ ರೀತಿ ನೋಡಿ. ಪತ್ರವನ್ನು ನಕಲಿಗೆಂದೇ ಮಾಡಿದ ಶಾಯಿಯಲ್ಲಿ ಬರೆಯುತ್ತಿದ್ದರು. ಈರುಳ್ಳಿ ಸಿಪ್ಪೆಯಷ್ಟು ತೆಳು ಹಾಳೆಗಳ ಒಂದು ದಪ್ಪ ಪುಸ್ತಕ ಇರುತ್ತಿತ್ತು. ಗುಮಾಸ್ತ ಅದರ ಒಂದು ಹಾಳೆಯನ್ನು ಬ್ರಷ್‌ನಿಂದ ಒದ್ದೆ ಮಾಡಿ, ಪತ್ರವನ್ನು ಅದಕ್ಕೆ ತಾಗಿಸಿಟ್ಟು, ಬೇರೆ ಹಾಳೆಗಳಿಗೆ ಒದ್ದೆ ಹತ್ತದಂತೆ ಎಣ್ಣೆ ಕಾಗದ ಇಟ್ಟು, ಇಡೀ ಪುಸ್ತಕವನ್ನು ಕಬ್ಬಿಣದ ಪ್ರೆಸ್ಸಿನೊಳಗೆ ಸೇರಿಸಿ ಹಿಡಿ ತಿರುಗಿಸುತ್ತಿದ್ದ. ಶಾಯಿ ಸ್ವಲ್ಪ ತೆಳು ಹಾಳೆಗೆ ಇಳಿಯುತ್ತಿತ್ತು. ಅಕ್ಷರ ಉಲ್ಟಾ ಬೀಳುತ್ತದೆ, ಆದರೆ ಹಾಳೆ ಅಷ್ಟು ತೆಳು ಇರುವುದರಿಂದ ಇನ್ನೊಂದು ಮಗ್ಗುಲಿಂದ ನೋಡಿದರೆ ಸರಿಯಾಗಿ ಓದಬಹುದು. ಕೆಲವು ಕಡೆ ಶಾಯಿ ಹರಡಿಕೊಂಡು ಮಸುಕಾಗಿರುತ್ತದೆ. ಪುಟಕ್ಕೆ ನಂಬರ್ ಅಚ್ಚಾಗಿರುತ್ತದೆ. ಹಲ್ಬರ್ಟ್ ಮತ್ತು ಅವನ ನಂತರ ಬಂದ ಆಲ್ಬರ್ಟ್ ಸ್ಪಾಲ್ಡಿಂಗ್ ಕಾಲದ ಶಿಕಾಗೋ ಕ್ಲಬ್ಬಿನ ಇಂಥ ಪುಸ್ತಕಗಳು ಶಿಕಾಗೋ ಹಿಸ್ಟರಿ ಮ್ಯೂಸಿಯಂನಲ್ಲಿವೆ.

ಇದು ಯಾಕೆ ಮುಖ್ಯ ಅಂದರೆ, ಮಾರಾಟಕ್ಕೆ ಬಂದ "ಮಾಲೀಕರ ಸ್ವಂತ ಕೈಬರಹದ ಪತ್ರ" ತುಂಬಾ ತೆಳುವಾಗಿದ್ದು, ಒಂದು ಅಂಚು ಹರಿದಿದ್ದು, ಮೂಲೆಯಲ್ಲಿ ಪುಟದ ನಂಬರ್ ಇದ್ದರೆ ಅದು ಅಂಚೆಯಲ್ಲಿ ಹೋದ ಪತ್ರವೇ ಅಲ್ಲ. ಯಾವುದೋ ನಕಲು ಪುಸ್ತಕದಿಂದ ಕಿತ್ತ ಹಾಳೆ. ಹಾಗಾದರೆ ಆ ಪುಸ್ತಕ ಎಲ್ಲಿದೆ, ಕಿತ್ತವರು ಯಾರು? ಮಾರುವವರು ಇದಕ್ಕೆ ಉತ್ತರ ಕೊಡಲೇಬೇಕು.

ಅಂಚೆಯಲ್ಲಿ ಹೋದ ಪತ್ರಕ್ಕೆ ಬೇರೆ ಗುರುತು. ಮೂರು ಮಡಿಕೆ ಇರುತ್ತದೆ. ಮಡಿಸಿದಾಗ ಹೊರಗೆ ಕಾಣುವ ಭಾಗದಲ್ಲಿ, ಪತ್ರ ಪಡೆದ ಕಚೇರಿಯ ಗುಮಾಸ್ತ ಬರೆದವರ ಹೆಸರು, ತಾರೀಖು, ಕೆಲವೊಮ್ಮೆ "ಉತ್ತರ ಕೊಟ್ಟಿದೆ" ಎಂದು ಗೀಚಿರುತ್ತಾನೆ. ಕಡತಕ್ಕೆ ಹಾಕಿದ ತೂತು, ಪಿನ್ನಿನ ತುಕ್ಕು ಇರಬಹುದು. ಹೊಸಬರು ಇದನ್ನೆಲ್ಲ ಕಲೆ ಅಂದುಕೊಂಡು ಬೆಲೆ ಇಳಿಸಲು ನೋಡುತ್ತಾರೆ. ನಾನಾಗಿದ್ದರೆ ಆ ಗುಮಾಸ್ತನ ಗೀಚಿಗೇ ಜಾಸ್ತಿ ಕೊಡುತ್ತಿದ್ದೆ. ಪತ್ರ ತಲುಪಿತು ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ?

ಕಾಗದಕ್ಕೆ ಎಷ್ಟು ಶಕ್ತಿ ಇತ್ತು ಎಂಬುದಕ್ಕೆ 1877ರ ಲೂಯಿವಿಲ್ ಪ್ರಕರಣ ನೋಡಬೇಕು. ಸೀಸನ್ನಿನ ಕೊನೆಯಲ್ಲಿ ಗೆಲ್ಲುವ ಸ್ಥಿತಿಯಲ್ಲಿದ್ದ ಲೂಯಿವಿಲ್ ಗ್ರೇಸ್ ತಂಡ ಇದ್ದಕ್ಕಿದ್ದಂತೆ ಸೋಲತೊಡಗಿತು. ಅನುಮಾನ ಬಂದ ಕ್ಲಬ್ಬಿನ ಪದಾಧಿಕಾರಿ ಚಾರ್ಲ್ಸ್ ಚೇಸ್, ಎಲ್ಲ ಆಟಗಾರರೂ ತಮ್ಮ ಟೆಲಿಗ್ರಾಂಗಳನ್ನು ತೆರೆಯಲು ಒಪ್ಪಿಗೆ ಕೊಡಬೇಕು ಎಂದು ಪಟ್ಟು ಹಿಡಿದ. ವೆಸ್ಟರ್ನ್ ಯೂನಿಯನ್ ಕಂಪನಿಯಿಂದ ಪ್ರತಿಗಳು ಬಂದವು. ಅವುಗಳಲ್ಲಿ ಮತ್ತೆಮತ್ತೆ "ಸ್ಯಾಶ್" ಎಂಬ ಪದ ಇತ್ತು. ಜೂಜುಗಾರರಿಗೆ "ಇವತ್ತಿನ ಆಟ ಮಾರಾಟವಾಗಿದೆ" ಎಂದು ತಿಳಿಸುವ ಗುಪ್ತ ಪದ ಅದು. ನಾಲ್ವರನ್ನು ಜೀವನಪೂರ್ತಿ ಹೊರಗಿಟ್ಟರು. ಅವರಲ್ಲಿ ಬಿಲ್ ಕ್ರೇವರ್ ವಿರುದ್ಧ ಮ್ಯಾಚ್ ಮಾರಿದ ಪುರಾವೆ ಇರಲಿಲ್ಲ. ಟೆಲಿಗ್ರಾಂ ತೋರಿಸಲು ಒಪ್ಪದ್ದೇ ಅವನ ಮೇಲಿನ ದೊಡ್ಡ ತಪ್ಪಾಯಿತು.

ಆ ನಾಲ್ವರಲ್ಲಿ ಜಿಮ್ ಡೆವ್ಲಿನ್ ತಂಡದ ಪಿಚರ್. ಆ ವರ್ಷ ತಂಡದ ಪ್ರತಿ ಇನ್ನಿಂಗ್ಸ್‌ನಲ್ಲೂ ಚೆಂಡು ಎಸೆದವನು ಅವನೊಬ್ಬನೇ. ಕ್ಲಬ್ ಅವನಿಗೆ ಸಂಬಳ ಬಾಕಿ ಇಟ್ಟಿತ್ತು, ಅದನ್ನೂ ಹೇಳಬೇಕು. 1878ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಿಂದ ಅವನು ಹ್ಯಾರಿ ರೈಟ್‌ಗೆ ಒಂದು ಪತ್ರ ಬರೆದ. ರೈಟ್ ಆಗ ಬೋಸ್ಟನ್ ತಂಡ ನಡೆಸುತ್ತಿದ್ದ. ಓದುಬರಹ ಅಷ್ಟಕ್ಕಷ್ಟೇ ಇದ್ದವನ ಪತ್ರ ಅದು, ಸಾಲಿಗೊಂದು ಕಾಗುಣಿತದ ತಪ್ಪು. ಆಡಲು ಬಿಡುವುದಿಲ್ಲ, ಚಳಿಗಾಲವೆಲ್ಲ ಅರೆಹೊಟ್ಟೆಯಲ್ಲಿ ಕಳೆದೆ, ನಿಮ್ಮ ಮೈದಾನ ನೋಡಿಕೊಳ್ಳುವ ಕೆಲಸವಾದರೂ ಕೊಡಿಸಿ ಎಂದು ಬೇಡಿಕೊಳ್ಳುತ್ತಾನೆ. ಅವನು ಹಲ್ಬರ್ಟ್ ಕಚೇರಿಗೂ ಬಂದು ಮಂಡಿಯೂರಿ ಅತ್ತದ್ದನ್ನು, ಹಲ್ಬರ್ಟ್ ಅವನ ಕೈಗೆ 50 ಡಾಲರ್ ನೋಟು ಇಟ್ಟು "ನೀನು ಆಟ ಮಾರಿದವನು, ನಿನ್ನನ್ನು ನಂಬಲಾರೆ" ಎಂದು ಕಳಿಸಿದ್ದನ್ನು ಸ್ಪಾಲ್ಡಿಂಗ್ ಮುಂದೆ ಬರೆದುಕೊಂಡಿದ್ದಾನೆ. ಆದರೆ ಸ್ಪಾಲ್ಡಿಂಗ್ ಹೇಳುವುದು ಎಷ್ಟೋ ವರ್ಷದ ನಂತರದ ನೆನಪು, ಅದೂ ಮಾಲೀಕರ ಕಡೆಯವನ ನೆನಪು. ಡೆವ್ಲಿನ್ ಪತ್ರ ಆ ಹೊತ್ತಿನದ್ದು. ಅವನು 1883ರಲ್ಲಿ ತೀರಿಕೊಂಡ. ಕೊನೆಯವರೆಗೂ ಯಾರೂ ಒಳಗೆ ಬಿಟ್ಟುಕೊಳ್ಳಲಿಲ್ಲ.

ಇನ್ನೊಂದು ತೊಡಕು: ಯಾರ ತಂಡ ಯಾರದು ಎಂಬುದೇ ಕೆಲವೊಮ್ಮೆ ಗೊಂದಲ. 1890ರಲ್ಲಿ ಆಟಗಾರರು ಜಾನ್ ಮಾಂಟ್ಗೊಮರಿ ವಾರ್ಡ್ ಮುಂದಾಳತ್ವದಲ್ಲಿ ತಮ್ಮದೇ ಪ್ಲೇಯರ್ಸ್ ಲೀಗ್ ಶುರುಮಾಡಿದಾಗ ನ್ಯೂಯಾರ್ಕ್ ಜೈಂಟ್ಸ್ ಮಾಲೀಕ ಜಾನ್ ಡೇ ಮುಳುಗುವ ಹಾಗಾದ. ಅವನನ್ನು ಉಳಿಸಲು ಬಂದವರು ಎದುರಾಳಿ ತಂಡಗಳ ಮಾಲೀಕರು. ಶಿಕಾಗೋದ ಸ್ಪಾಲ್ಡಿಂಗ್, ಬೋಸ್ಟನ್ನಿನ ಆರ್ಥರ್ ಸೋಡನ್, ಜಾನ್ ಬ್ರಷ್ ಇವರೆಲ್ಲ ಜೈಂಟ್ಸ್ ಷೇರುದಾರರಾದರು. ಅಂದರೆ ಬೋಸ್ಟನ್–ನ್ಯೂಯಾರ್ಕ್ ಪಂದ್ಯದಲ್ಲಿ ಯಾರು ಗೆದ್ದರೂ ಸೋಡನ್ ಜೇಬಿಗೆ ಏನೋ ಬೀಳುತ್ತಿತ್ತು! 1899ರಲ್ಲಿ ರಾಬಿಸನ್ ಸಹೋದರರ ಕೈಯಲ್ಲಿ ಕ್ಲೀವ್‌ಲ್ಯಾಂಡ್, ಸೇಂಟ್ ಲೂಯಿಸ್ ಎರಡೂ ತಂಡ ಇದ್ದವು. ಅವರು ಸೈ ಯಂಗ್ ಸೇರಿದಂತೆ ಒಳ್ಳೇ ಆಟಗಾರರನ್ನೆಲ್ಲ ಸೇಂಟ್ ಲೂಯಿಸ್‌ಗೆ ಸಾಗಿಸಿದರು. ಕ್ಲೀವ್‌ಲ್ಯಾಂಡ್ ಆ ವರ್ಷ 20 ಗೆದ್ದು 134 ಸೋತಿತು. ನೋಡಲು ಜನರೇ ಬರದೆ ಬಹುಪಾಲು ಪಂದ್ಯ ಪರ ಊರಿನಲ್ಲೇ ಆಡಬೇಕಾಯಿತು.

ಇದರ ತುತ್ತತುದಿ 1901ರ ಯೋಜನೆ. ಜೈಂಟ್ಸ್ ಮಾಲೀಕ ಆಂಡ್ರ್ಯೂ ಫ್ರೀಡ್‌ಮನ್ ನ್ಯೂಜೆರ್ಸಿಯ ರೆಡ್ ಬ್ಯಾಂಕ್‌ನ ತನ್ನ ಮನೆಗೆ ಆಗ ಸಿನ್ಸಿನಾಟಿ ತಂಡದ ಮಾಲೀಕನಾಗಿದ್ದ ಬ್ರಷ್, ಸೋಡನ್ ಮತ್ತು ಫ್ರಾಂಕ್ ರಾಬಿಸನ್‌ರನ್ನು ಕರೆಸಿಕೊಂಡು, ಇಡೀ ಲೀಗನ್ನೇ ಒಂದು ಕಂಪನಿ ಮಾಡಿ ಎಂಟು ಕ್ಲಬ್‌ಗಳಿಗೆ ಪಾಲು ಹಂಚುವ ಲೆಕ್ಕ ಹಾಕಿದ. ನ್ಯೂಯಾರ್ಕಿಗೆ ಶೇ. 30. ಸಿನ್ಸಿನಾಟಿ, ಸೇಂಟ್ ಲೂಯಿಸ್, ಬೋಸ್ಟನ್ನಿಗೆ ತಲಾ 12. ಫಿಲಡೆಲ್ಫಿಯಾ, ಶಿಕಾಗೋಗೆ 10. ಪಿಟ್ಸ್‌ಬರ್ಗ್‌ಗೆ 8, ಬ್ರೂಕ್ಲಿನ್‌ಗೆ ಬರೀ 6. ಮನೆಗೆ ಬಂದವರಿಗೆ ಎಷ್ಟು ಸಿಕ್ಕಿತು, ಬರದವರಿಗೆ ಎಷ್ಟು ಎಂದು ಒಮ್ಮೆ ನೋಡಿ. ಉಳಿದ ನಾಲ್ವರು ಒಪ್ಪಲಿಲ್ಲ, ಯೋಜನೆ ಬಿದ್ದುಹೋಯಿತು. ಈ ವರ್ಷಗಳ ಪತ್ರ ಸಿಕ್ಕರೆ ಮೊದಲ ಕೆಲಸ ಇಷ್ಟೇ: ಬರೆದವನಿಗೆ ಆ ತಾರೀಖಿನಲ್ಲಿ ಯಾವ್ಯಾವ ತಂಡದಲ್ಲಿ ಷೇರು ಇತ್ತು ಎಂದು ಪಕ್ಕದಲ್ಲಿ ಬರೆದುಕೊಳ್ಳಿ. ಅರ್ಧ ಪತ್ರ ತಾನಾಗಿ ಬಿಡಿಸಿಕೊಳ್ಳುತ್ತದೆ.

ಹುಡುಕುವವರಿಗೆ ಇನ್ನೊಂದು ಕಿವಿಮಾತು. ಎಷ್ಟೋ ಲೆಟರ್‌ಹೆಡ್‌ನಲ್ಲಿ ತಂಡದ ಹೆಸರೇ ಇರುವುದಿಲ್ಲ! ಜಾನ್ ಡೇ ಕಾಲದಲ್ಲಿ ಜೈಂಟ್ಸ್ ಇದ್ದದ್ದು ಮೆಟ್ರೊಪಾಲಿಟನ್ ಎಕ್ಸಿಬಿಷನ್ ಕಂಪನಿ ಹೆಸರಿನಲ್ಲಿ. ಬಿಯರ್ ಸಲೂನ್ ಇಟ್ಟುಕೊಂಡಿದ್ದ ಜರ್ಮನ್ ಮೂಲದ ಕ್ರಿಸ್ ಫಾನ್ ಡೆರ್ ಆಹೆಯ ಸೇಂಟ್ ಲೂಯಿಸ್ ಬ್ರೌನ್ಸ್ ತಂಡ ಸ್ಪೋರ್ಟ್ಸ್‌ಮನ್ಸ್ ಪಾರ್ಕ್ ಆ್ಯಂಡ್ ಕ್ಲಬ್ ಅಸೋಸಿಯೇಷನ್. ಆಮೇಲಿನ ಕಾಲದ ಸಿನ್ಸಿನಾಟಿ ರೆಡ್ಸ್, ಸಿನ್ಸಿನಾಟಿ ಎಕ್ಸಿಬಿಷನ್ ಕಂಪನಿ. ಹಳೇ ಕಾಗದ ಮಾರುವ ಅಂಗಡಿಯವರಿಗೆ ಇದು ಯಾವುದೋ ಸರ್ಕಸ್ ಕಂಪನಿ ಎನಿಸಬಹುದು. ಗೊತ್ತಿರುವವರಿಗೆ ಲಾಭ.

ಈಗ ಕಹಿ ವಿಷಯ. ಹ್ಯಾರಿ ರೈಟ್ 1895ರಲ್ಲಿ ಸತ್ತಾಗ ತನ್ನ ಪತ್ರಗಳು ಮುಂದೆ ಬೇಸ್‌ಬಾಲ್ ಇತಿಹಾಸದ ಸಂಗ್ರಹವಾಗಲಿ ಎಂದು ನ್ಯಾಷನಲ್ ಲೀಗಿಗೆ ಬಿಟ್ಟುಹೋದ. ಅವು ಸ್ಪಾಲ್ಡಿಂಗ್ ಕೈ ಸೇರಿದವು. ಸ್ಪಾಲ್ಡಿಂಗ್ ಆಟದ ಸಾಮಾನು ಮಾರಿ ದೊಡ್ಡ ಶ್ರೀಮಂತನಾದವನು. 1889ರ ಜನವರಿಯಲ್ಲಿ ತನ್ನ ಆಟಗಾರರನ್ನು ಕರೆದುಕೊಂಡು ಪ್ರಪಂಚ ಸುತ್ತುತ್ತಾ ನಮ್ಮ ಪಕ್ಕದ ಕೊಲಂಬೊವರೆಗೂ ಬಂದು ಆಡಿಸಿಹೋದ ಆಸಾಮಿ. 1915ರಲ್ಲಿ ಅವನು ತೀರಿಕೊಂಡ ಮೇಲೆ 1921ರಲ್ಲಿ ಅವನ ಹೆಂಡತಿ ಎಲ್ಲವನ್ನೂ ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಗೆ ದಾನ ಕೊಟ್ಟರು. ಅಲ್ಲಿಂದ ಎಷ್ಟೋ ವಸ್ತುಗಳು ಕಳುವಾದವು, ರೈಟ್‌ಗೆ ಬಂದ ಪತ್ರಗಳೂ ಸೇರಿ. 2009ರಲ್ಲಿ ಸೇಂಟ್ ಲೂಯಿಸ್‌ನ ಆಲ್-ಸ್ಟಾರ್ ಪಂದ್ಯದ ಹೊತ್ತಿಗೆ ನಡೆಯಬೇಕಿದ್ದ ಒಂದು ಹರಾಜಿನಲ್ಲಿ ರೈಟ್‌ಗೆ ಬರೆದ 1870ರ ದಶಕದ ಪತ್ರಗಳು ಕಾಣಿಸಿಕೊಂಡವು. ಇವು ಲೈಬ್ರರಿಯವು ಎಂಬ ಕೂಗೆದ್ದು, ಎಫ್‌ಬಿಐ ತನಿಖೆಗೆ ಇಳಿದು, ಹರಾಜಿನಿಂದ ವಾಪಸ್ ತೆಗೆದುಕೊಳ್ಳಬೇಕಾಯಿತು.

ಆದ್ದರಿಂದ 1870, 80ರ ದಶಕದ ಪತ್ರ, ಅದರಲ್ಲೂ ಹ್ಯಾರಿ ರೈಟ್ ಹೆಸರಿಗೆ ಬರೆದದ್ದು ಯಾರಾದರೂ ತೋರಿಸಿದರೆ ಖುಷಿಪಡುವ ಮೊದಲು ಹಿಂದೆ ತಿರುಗಿಸಿ ನೋಡಿ. ಪುಸ್ತಕಕ್ಕೆ ಅಂಟಿಸಿದ್ದ ಗೋಂದಿನ ಕಲೆ ಇದೆಯಾ, ಮುದ್ರೆ ಕೆರೆದು ತೆಗೆದಂತೆ ಒಂದು ಕಡೆ ಕಾಗದ ಸವೆದಿದೆಯಾ, ಪೆನ್ಸಿಲ್ಲಿನಲ್ಲಿ ಲೈಬ್ರರಿಯವರು ಹಾಕುವಂಥ ನಂಬರ್ ಇದೆಯಾ. ಬೆಂಗಳೂರಿನಲ್ಲಿ ಸೈಟ್ ತಗೊಳ್ಳುವವರು ಮದರ್ ಡೀಡ್‌ನಿಂದ ಹಿಡಿದು ಪ್ರತಿ ಕೈ ಬದಲಾವಣೆಗೂ ಕಾಗದ ಕೇಳುತ್ತಾರಲ್ಲ, ಇಲ್ಲಿಯೂ ಹಾಗೇ ಕೇಳಬೇಕು. "ನಮ್ಮಜ್ಜಿಯ ಅಟ್ಟದಲ್ಲಿ ಸಿಕ್ಕಿತು" ಎಂಬ ಮಾತು ಸಾಲದು. ಕದ್ದ ಮಾಲು ಎಷ್ಟು ಕೈ ದಾಟಿದರೂ ಅಮೆರಿಕದ ಕಾನೂನಿನಲ್ಲಿ ಕೊಂಡವರದ್ದಾಗುವುದಿಲ್ಲ. ದುಡ್ಡೂ ಹೋಯಿತು, ಪತ್ರವೂ ಹೋಯಿತು.

ನಕಲಿ ಪತ್ರಗಳ ಕಾಟ ಬೇರೆ. ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಕೊನೆಗೆ ಅನುಭವಿಗಳಿಗೆ ತೋರಿಸಲೇಬೇಕು. ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಕೆಲವಿವೆ. ನೇರಳಾತೀತ ದೀಪ ಹಾಕಿದರೆ ಕಾಗದ ನೀಲಿಬಿಳಿಯಾಗಿ ಫಳಫಳ ಹೊಳೆದರೆ ಅದು ಹೆಚ್ಚುಕಡಿಮೆ 1950ರ ನಂತರದ ಕಾಗದ, ಹೊಳಪು ರಾಸಾಯನಿಕ ಸೇರಿಸಿದ್ದು. ಟೈಪ್ ಮಾಡಿದ ಪತ್ರ 1870ರ ದಶಕದ ಶುರುವಿನದು ಎಂದರೆ ನಂಬಬೇಡಿ, ರೆಮಿಂಗ್ಟನ್ ಯಂತ್ರ ಮಾರುಕಟ್ಟೆಗೆ ಬಂದದ್ದೇ 1874ರಲ್ಲಿ. ಪತ್ರದಲ್ಲಿ ವಾರದ ಹೆಸರಿದ್ದರೆ ಆ ತಾರೀಖಿಗೆ ತಾಳೆಯಾಗುತ್ತಾ ನೋಡಿ. ಹಲ್ಬರ್ಟ್ 1882ರ ಏಪ್ರಿಲ್ 10ರಂದು ಸತ್ತ, ಅದರ ನಂತರದ ತಾರೀಖಿನ "ಹಲ್ಬರ್ಟ್ ಪತ್ರ" ಬಂದರೆ ನಕ್ಕು ವಾಪಸ್ ಕೊಡಿ. ಇನ್ನು ಗುಮಾಸ್ತನೇ ಯಜಮಾನನ ಪರವಾಗಿ ಸಹಿ ಹಾಕಿದ್ದು ಮೋಸವಲ್ಲ, ಆಗಿನ ರೂಢಿ. ಮಾರುವವರು ಅದನ್ನು ಮುಚ್ಚಿಟ್ಟರೆ ಮಾತ್ರ ಮೋಸ.

ಹಲ್ಬರ್ಟ್ ಸಹಿಗೆ ವಿಪರೀತ ಬೇಡಿಕೆ. ಬೇಗ ಸತ್ತದ್ದರಿಂದ ಸಹಿ ಅಪರೂಪ, ಮೇಲಾಗಿ 1995ರಲ್ಲಿ ಅವನಿಗೆ ಹಾಲ್ ಆಫ್ ಫೇಮ್ (ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿ ಮತ್ತು ಮ್ಯೂಸಿಯಂ) ಗೌರವ ಸಿಕ್ಕಿತು. ಹಾಲ್ ಆಫ್ ಫೇಮ್‌ನಲ್ಲಿರುವ ಎಲ್ಲರ ಸಹಿಯನ್ನೂ ಪೂರ್ತಿ ಮಾಡಬೇಕೆಂಬ ಹಟದವರು ಇದ್ದಾರೆ. ಇಂಥವರಿಗಾಗಿಯೇ ಹಿಂದೆ ಎಷ್ಟೋ ಪತ್ರಗಳ ಸಹಿಯನ್ನಷ್ಟೇ ಕತ್ತರಿಯಲ್ಲಿ ಕತ್ತರಿಸಿ, ಉಳಿದ ಕಾಗದವನ್ನು ಬಿಸಾಡಿದ್ದಾರೆ. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಒಕ್ಕಣೆ ಓದಿದವರಿಗೆ ಏನು ಸಿಗಬಹುದು ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಇದು ಮಾಲೀಕರ ಪತ್ರವಲ್ಲ, ಆಟದ ನಿಯಮಗಳ ಕೈಬರಹ. 1857ರ ಕೆಲವು ಹಾಳೆಗಳು 1999ರ ಹರಾಜಿನಲ್ಲಿ 12,650 ಡಾಲರ್‌ಗೆ ಹೋದವು. ಆಮೇಲೆ ಅದರಲ್ಲಿ ಡಾಕ್ ಆ್ಯಡಮ್ಸ್ ಎಂಬ ಆದಿಕಾಲದ ಆಟಗಾರನ ಕೈಬರಹ ಇದೆ ಎಂದು ಗುರುತಿಸಿದರು. 2016ರಲ್ಲಿ ಅವೇ ಹಾಳೆಗಳು 32 ಲಕ್ಷ ಡಾಲರ್ ದಾಟಿದವು. ಮಾಲೀಕರ ಕಾಗದಗಳ ಪೈಕಿ ಹೆಸರುವಾಸಿಯಾದದ್ದು ಬೋಸ್ಟನ್ ಮಾಲೀಕ ಹ್ಯಾರಿ ಫ್ರೇಜಿ 1919ರ ಡಿಸೆಂಬರ್‌ನಲ್ಲಿ ಬೇಬ್ ರೂತ್‌ನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ 1,00,000 ಡಾಲರ್‌ಗೆ ಮಾರಿದ ಕರಾರು. ಅದರ ಒಂದು ಪ್ರತಿ 2005ರಲ್ಲಿ ಸದಬೀಸ್ ಹರಾಜಿನಲ್ಲಿ 9,96,000 ಡಾಲರ್‌ಗೆ ಹೋಯಿತು. ಮನುಷ್ಯನ ಬೆಲೆಗಿಂತ ಅವನನ್ನು ಮಾರಿದ ಕಾಗದದ ಬೆಲೆ ಹೆಚ್ಚಾಯಿತು, ಅಷ್ಟು ವರ್ಷಗಳಲ್ಲಿ ಡಾಲರ್ ಮೌಲ್ಯ ಬದಲಾದದ್ದನ್ನು ಬಿಟ್ಟು ನೋಡಿದರೆ.

ನಮ್ಮಂಥವರು ಅಲ್ಲಿಗೆ ಹೋಗಬೇಕಿಲ್ಲ. ಹಾಲ್ ಆಫ್ ಫೇಮ್ ಸೇರದ ಕಾರ್ಯದರ್ಶಿ, ಖಜಾಂಚಿ ಬರೆದ ಪತ್ರಗಳನ್ನು ಹುಡುಕಿ. ಸಹಿಗೆ ಬೇಡಿಕೆ ಇಲ್ಲದ್ದರಿಂದ ಸುಮ್ನೆ ಬಿದ್ದಿರುತ್ತವೆ, ಒಳಗಿನ ಸುದ್ದಿ ಮಾತ್ರ ಮಾಲೀಕರ ಪತ್ರದಲ್ಲಿರುವುದಕ್ಕಿಂತ ಜಾಸ್ತಿ. ಲಕೋಟೆ ಇದ್ದರೆ ಬಿಡಬೇಡಿ. ಲ್ಯಾಮಿನೇಟ್ ಮಾಡಿಸಬೇಡಿ, ಟೇಪ್ ಹಚ್ಚಬೇಡಿ, ಬಿಸಿಲು ಬೀಳುವ ಗೋಡೆಗೆ ಫ್ರೇಮ್ ಹಾಕಿ ನೇತುಹಾಕಬೇಡಿ. ಆಮ್ಲವಿಲ್ಲದ ಕಾಗದದ ಫೋಲ್ಡರ್ ಸಾಕು. ಇನ್ನೊಂದು ಮಾತು, ಪತ್ರ ನಿಮ್ಮದಾದರೂ ಅದರ ಒಕ್ಕಣೆಯ ಹಕ್ಕು ಬರೆದವರದ್ದು. ಅಚ್ಚಾಗದ ಪತ್ರಕ್ಕೆ ಅಮೆರಿಕದಲ್ಲಿ ಬರೆದವರು ಸತ್ತ ನಂತರ 70 ವರ್ಷ ಆ ಹಕ್ಕು ಇರುತ್ತದೆ. 19ನೇ ಶತಮಾನದ ಮಾಲೀಕರ ಮಟ್ಟಿಗೆ ಆ ಗಡುವು ಎಂದೋ ಮುಗಿದಿದೆ.

ಕೊಳ್ಳುವ ಮೊದಲು ಓದಿ ರೂಢಿ ಮಾಡಿಕೊಳ್ಳುವುದಿದ್ದರೆ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ನಲ್ಲಿರುವ ಗ್ಯಾರಿ ಹರ್ಮನ್ ಕಾಗದಗಳಷ್ಟು ಒಳ್ಳೇ ಜಾಗ ಇನ್ನೊಂದಿಲ್ಲ. ಅಮೆರಿಕದಲ್ಲಿರುವ ನಮ್ಮವರು ಆ ಕಡೆ ಹೋದರೆ ಮೊದಲೇ ಬರೆದು ಸಮಯ ಗೊತ್ತು ಮಾಡಿಕೊಂಡು ಹೋಗಿ. ಹರ್ಮನ್ 1902ರಿಂದ 1927ರವರೆಗೆ ಸಿನ್ಸಿನಾಟಿ ರೆಡ್ಸ್ ಅಧ್ಯಕ್ಷ. 1903ರಿಂದ 1920ರವರೆಗೆ ನ್ಯಾಷನಲ್, ಅಮೆರಿಕನ್ ಎರಡೂ ಲೀಗ್‌ಗಳ ಜಗಳ ತೀರಿಸುವ ನ್ಯಾಷನಲ್ ಕಮಿಷನ್ನಿನ ಮುಖ್ಯಸ್ಥನೂ ಅವನೇ. ಹಾಗಾಗಿ ಮಾಲೀಕರು, ಅಂಪೈರ್‌ಗಳು, ಸಣ್ಣ ಊರಿನ ಕ್ಲಬ್‌ಗಳು, ಸಂಬಳ ಬರಲಿಲ್ಲ ಎನ್ನುವ ಆಟಗಾರರು ಎಲ್ಲರೂ ಅವನಿಗೇ ಬರೆಯುತ್ತಿದ್ದರು. ಮಾಲೀಕನೊಬ್ಬನೇ ನ್ಯಾಯಾಧೀಶನೂ ಆಗಿದ್ದಾಗ ದೂರು ಕೊಡುವವರು ಎಷ್ಟು ಹುಷಾರಾಗಿ ಬರೆಯುತ್ತಾರೆ ಎಂಬುದನ್ನು ಆ ಪೆಟ್ಟಿಗೆಗಳಲ್ಲಿ ಓದಬಹುದು.